ಹಾಫ್ ಕ್ಲಚ್ ಅರಿಯದ ಆರು ಬಿಲ್ಲೆಯ ಮಹಾಶಯರಿಗೆ

ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಮನೆಯ ಪಡಸಾಲೆಯಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ, ಗೋಡೆಗೆ ಒರಗಿ ವಿರಾಜಮಾನರಾಗಿರುವ ಸಿರಾಮಿಕ್ ಕ್ಲಚ್ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ಬಗ್ಗಿ, ಹಣೆಯನ್ನು ನೆಲಕ್ಕೆ ತಾಗಿಸಿ ತಮಗೆ ನಮಸ್ಕರಿಸಬೇಕೆಂಬ ಆಸೆಯೇನೋ ಇತ್ತು. ಆದರೆ ತಮ್ಮದೇ ಕೃಪೆಯಿಂದ ನನ್ನ ಎಡ ಮೊಣಕಾಲು ಮಡಚಲು ಒಪ್ಪುತ್ತಿಲ್ಲವಾದ ಕಾರಣ ಕುರ್ಚಿಯಲ್ಲಿ ಕೂತೇ ಕೈ ಮುಗಿದಿದ್ದೇನೆ, ಉದಾಸೀನವೆಂದು ತಿಳಿಯಬಾರದು. ನಾನು ಕೊಟ್ರಬಸಪ್ಪ, ಸಿರುಗುಪ್ಪದ ಭತ್ತದ ಮಿಲ್ಲೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಮ್ಯಾನೇಜರ್. ತಾವು ನಮ್ಮ ಕಾರಿನ ಹೊಟ್ಟೆಯೊಳಗೆ ಹನ್ನೊಂದು ದಿನ ವಾಸವಿದ್ದು, ಆ ಹನ್ನೊಂದು ದಿನಗಳಲ್ಲಿ ನಮ್ಮ ಸಂಸಾರವನ್ನು ಬುಡಸಮೇತ ಅಲ್ಲಾಡಿಸಿದ ವಿಚಾರ ತಮಗೆ ಮರೆತಿರಲಿಕ್ಕಿಲ್ಲ. ತಾವು ಕೂತಿರುವುದು ನನ್ನಿಂದ ನಾಲ್ಕೇ ಅಡಿ ದೂರದಲ್ಲಿ, ಹೇಳಬೇಕಾದ್ದನ್ನು ಗುಟ್ಟಾಗಿ ಹೇಳಿ ಮುಗಿಸಬಹುದಿತ್ತು. ಆದರೂ ಬಹಿರಂಗವಾಗಿ ಬರೆಯುತ್ತಿರುವುದೇಕೆಂದರೆ, ತಾವು ನನ್ನ ಮಾನ ಕಳೆದದ್ದೂ ಬಹಿರಂಗವಾಗಿಯೇ, ಬಳ್ಳಾರಿಯಿಂದ ಕುರುಗೋಡಿನವರೆಗೆ, ನಡುವೆ ಒಂದು ಹಂಪನ್ನೂ ಬಿಡದೆ.

ಓದುವ ಜನಕ್ಕೆ ಹಿನ್ನೆಲೆ ಗೊತ್ತಿರಬೇಕಲ್ಲ, ಹಾಗಾಗಿ ತಾವು ಸ್ವಲ್ಪ ತಾಳ್ಮೆಯಿಂದ ಕೇಳಿಸಿಕೊಳ್ಳಬೇಕು. ತಾಳ್ಮೆ ತಮ್ಮ ಜಾಯಮಾನದಲ್ಲಿಲ್ಲವೆಂದು ಬಲ್ಲೆ. ಮೊದಲನೆಯದಾಗಿ, ಕಾರು ನನ್ನದಲ್ಲ. ನನ್ನ ಹೆಂಡತಿ ರಶ್ಮಿಯದು. ಆಕೆ ಕುರುಗೋಡಿನಲ್ಲಿ ದನದ ಡಾಕ್ಟರು. ನಲವತ್ತೊಂದನೆಯ ವಯಸ್ಸಿನಲ್ಲಿ, ಬಸ್ಸು ಕಾದು ಕಾದು ಬೇಸತ್ತು, ಡ್ರೈವಿಂಗ್ ಕಲಿಯಲು ಕೂತಳು. ಎಂಟು ದಿನ ನಾನು ಪಕ್ಕದಲ್ಲಿ ಕೂತು ಕಿರುಚಿದೆ. ಒಂಬತ್ತನೆಯ ದಿನ ನನ್ನನ್ನು ಇಳಿಸಿ ಒಬ್ಬಳೇ ಹೋದಳು. ಆಕೆಯ ತವರಿನಲ್ಲಿ ಹೆಣ್ಣುಮಗಳೊಬ್ಬಳು ಸ್ಟೇರಿಂಗ್ ಹಿಡಿದದ್ದು ಅದೇ ಮೊದಲು. ಎರಡು ವರ್ಷ ಕಳೆದ ಮೇಲೆ ಒಂದು ದಿನ ಎಂಜಿನ್ನಿನ ಕಂಪ್ಯೂಟರನ್ನು ಟ್ಯೂನ್ ಮಾಡಿಸಿ, ನೂರೈವತ್ತಿದ್ದ ಅಶ್ವಶಕ್ತಿಯನ್ನು ಇನ್ನೂರ ಹತ್ತು ಮಾಡಿಸಿಕೊಂಡು ಬಂದಳು. ಯಾಕೆಂದು ಕೇಳಿದ್ದಕ್ಕೆ, ಬಾದನಹಟ್ಟಿಯಲ್ಲಿ ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿ ನಿಂತಿರುವಾಗ ಹುಲ್ಲಿನ ಲಾರಿಯ ಹಿಂದೆ ತೆವಳುತ್ತ ಹೋಗುವುದು ತನ್ನಿಂದಾಗದು ಎಂದಳು. ಅದೂ ನಿಜವೇ; ಆದರೆ ಆಕೆಗೆ ವೇಗವೆಂದರೆ ಪ್ರಾಣ ಎಂಬುದು ಅದಕ್ಕಿಂತ ಹೆಚ್ಚು ನಿಜ. ನಾನಾದರೋ ಬಸ್ಸಿನ ಮನುಷ್ಯ, ಅರವತ್ತು ದಾಟಿದರೆ ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸುವವನು.

ಇನ್ನೂರ ಹತ್ತು ಕುದುರೆಗಳು ಒಮ್ಮೆಗೇ ಎಳೆದರೆ ಕಾರಿನ ಜೊತೆ ಹುಟ್ಟಿ ಬಂದ ಕ್ಲಚ್ಚು ಪಾಪ ಏನು ಮಾಡೀತು? ಎಂಜಿನ್ನಿನ ಬಲವನ್ನು ಹಿಡಿದು ಚಕ್ರಕ್ಕೆ ದಾಟಿಸುವುದು ಅದರ ಕೆಲಸ. ಹಿಡಿತ ಸಾಲದೆ ಜಾರತೊಡಗಿತು. ಎಂಜಿನ್ ಅರಚುತ್ತಿತ್ತು, ಕಾರು ಮಾತ್ರ ಇನ್ನೂ ಯೋಚನೆಯಲ್ಲಿರುತ್ತಿತ್ತು, ಒಳಗೆಲ್ಲ ಸುಟ್ಟ ವಾಸನೆ. ನಮ್ಮ ಮನೆಯ ಹಿಂದಿನ ಬೀದಿಯ ಮೆಕ್ಯಾನಿಕ್ ಶಶಿಕಾಂತ್, ಕಂಪನಿಯದನ್ನು ತೆಗೆದು ಗಟ್ಟಿಯದೊಂದನ್ನು ಹೊರಗಿನಿಂದ ತಂದು ಹಾಕಬೇಕೆಂದು ಹೇಳಿ, ಎರಡು ಡಬ್ಬಿ ಬಿಚ್ಚಿ ತೋರಿಸಿದ. ಒಂದರಲ್ಲಿ ಹಳೆಯದರ ದೊಡ್ಡಣ್ಣನಂತೆ ಕಾಣುವ, ನಡುವೆ ಸ್ಪ್ರಿಂಗುಗಳಿದ್ದ, ಮೆತ್ತನೆಯ ಲೈನಿಂಗಿನ ಪ್ಲೇಟು, ಇನ್ನೊಂದರಲ್ಲಿ ತಾವು. ಅಬ್ಬಾ, ಏನು ತೇಜಸ್ಸು, ಏನು ಗತ್ತು! ಸುತ್ತ ಆರು ಸಿರಾಮಿಕ್ ಬಿಲ್ಲೆಗಳು, ನಡುವೆ ಒಂದೇ ಒಂದು ಸ್ಪ್ರಿಂಗೂ ಇಲ್ಲದ ಆ ನಿಷ್ಠುರ ಎದೆ. ರಶ್ಮಿ ತಮ್ಮ ಕಡೆ ಒಂದು ಸಲ ನೋಡಿ, "ಇದು ಬ್ಯಾಡ, ಅದು ಹಾಕ್ರಿ" ಅಂದಳು, ಅಷ್ಟೇ. ಎಮ್ಮೆಯನ್ನು ನೋಡಿದ ಕೂಡಲೇ ಅದರ ರೋಗ ಹೇಳುವವಳು ಆಕೆ, ಕೇಳಬೇಕಾಗಿತ್ತು.

ಆ ಮೆತ್ತನೆಯ ಪ್ಲೇಟಿನ ಡಬ್ಬಿ ಭಾನುವಾರವಿಡೀ ನಮ್ಮ ಮನೆಯಲ್ಲೇ ಇತ್ತು, ಅಲ್ಲಿ ಏನಾಯಿತೆಂಬುದನ್ನು ಮುಂದೆ ಹೇಳುತ್ತೇನೆ. ಸೋಮವಾರ ಶಶಿಕಾಂತ್ ಅದನ್ನು ಕೂರಿಸಿಕೊಟ್ಟ. ಮಂಗಳವಾರ ಕುರುಗೋಡಿನ ದಾರಿಯಲ್ಲಿ ರಶ್ಮಿ ಆಕ್ಸಿಲರೇಟರ್ ತುಳಿದಳು, ಹೊಸ ಪ್ಲೇಟು ಹಳೆಯದಕ್ಕಿಂತ ಚೆನ್ನಾಗಿ ಜಾರಿತು. ಮಾನ್ಯರೇ, ನಾನು ಅಲ್ಲಿಯತನಕ ಕ್ಲಚ್ಚಿನ ವಿಚಾರದಲ್ಲಿ ತುಟಿ ಬಿಚ್ಚಿದವನೇ ಅಲ್ಲ. ಆದರೂ ಆ ಸಂಜೆ ಎದೆಯುಬ್ಬಿಸಿ "ನಾ ಹೇಳಿದ್ನಿಲ್ಲೋ" ಅಂದೆ. ಹೆಂಡತಿಯ ಆಯ್ಕೆ ತಪ್ಪಾದಾಗ ಗಂಡನ ನಾಲಿಗೆಗೆ ಎಲ್ಲಿಂದ ಬರುತ್ತದೋ ಆ ಬಲ, ಶಿವನೇ ಬಲ್ಲ. ಇನ್ನು ಮುಂದಿನದನ್ನು ನನಗೆ ಬಿಡು ಎಂದೆ. ಆಕೆ ಬಿಟ್ಟಳು, ಪಾಪ.

ನಾನು ತಜ್ಞರ ಸಲಹೆ ಪಡೆಯಲು ತಮ್ಮನ್ನು ಶಶಿಕಾಂತನಿಂದ ಇಸಿದುಕೊಂಡು, ತೊಡೆಯ ಮೇಲೆ ಕೂಡಿಸಿಕೊಂಡು ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಒಯ್ದದ್ದು ತಮಗೆ ನೆನಪಿರಬೇಕು. ಕಂಡಕ್ಟರು ತಮ್ಮ ತೂಕ ನೋಡಿ ಲಗೇಜ್ ಚೀಟಿ ಹರಿದದ್ದೂ ನೆನಪಿರಬೇಕು. ತಜ್ಞರೆಂದರೆ ಕರೂರಿನ ಸುಂಕಣ್ಣ. ನಮ್ಮ ಮಿಲ್ಲಿಗೆ ಭತ್ತ ತರುವ ಟ್ರ್ಯಾಕ್ಟರುಗಳೆಲ್ಲ ಆತನ ಕೈಯಲ್ಲೇ ಗುಣವಾಗುವುದು, ಮೂವತ್ತು ವರ್ಷದಿಂದ ಕೆಸರುಗದ್ದೆಯಲ್ಲಿ ಕಬ್ಬಿಣದ ಗಾಲಿ ಹಾಕಿಕೊಂಡು ತಿರುಗುವ ಟ್ರ್ಯಾಕ್ಟರ್ ಬಿಟ್ಟರೆ ಬೇರೆ ವಾಹನವನ್ನು ಆತ ವಾಹನವೆಂದೇ ಒಪ್ಪಿದವನಲ್ಲ. ತಮ್ಮನ್ನು ಒಂದು ಕೈಯಲ್ಲೂ ಟ್ರ್ಯಾಕ್ಟರ್ ಪ್ಲೇಟನ್ನು ಇನ್ನೊಂದು ಕೈಯಲ್ಲೂ ಹಿಡಿದು ತೂಗಿ, ಬಿಲ್ಲೆಗಳನ್ನು ಉಗುರಿನಿಂದ ಕೆರೆದು, "ಅಣ್ಣಾ, ಇದನ್ನ ಹಾಕಿದ್ರ ಮೊಣಕಾಲುದ್ದ ಕೆಸರಾಗೂ ಗಾಡಿ ನಿಲ್ಲಂಗಿಲ್ಲ" ಎಂದು ತೀರ್ಪಿತ್ತ. ಕಂಟೋನ್ಮೆಂಟಿನಿಂದ ಕುರುಗೋಡಿನವರೆಗೆ ಡಾಂಬರು ರಸ್ತೆ ಇದೆ, ನಡುವೆ ಮೊಣಕಾಲುದ್ದ ಕೆಸರು ಎಲ್ಲೂ ಇಲ್ಲ ಎಂಬ ಸಣ್ಣ ಸಂಗತಿ ಆ ಹೊತ್ತಿನಲ್ಲಿ ನನಗಾಗಲಿ ಆತನಿಗಾಗಲಿ ಹೊಳೆಯಲಿಲ್ಲ. ನಮ್ಮ ಕಡೆ ಎಂಥ ಗಾಡಿಯ ಯೋಗ್ಯತೆಯನ್ನಾದರೂ ನಾವು ಅಳೆಯುವುದು ಗದ್ದೆಗಿಳಿಸಿಯೇ.

ಶಶಿಕಾಂತ್ ಮಾತ್ರ ಎಚ್ಚರಿಸಿದ, ಸುಳ್ಳು ಹೇಳಬಾರದು. "ಸಾರ್, ಇದು ರೇಸಿನ್ಯಾಗ ಓಡಿಸೋದು ರೀ, ಊರಾಗ ಅಲ್ಲ, ಮೇಡಮ್ಮಾರನ್ನ ಒಂದು ಮಾತು ಕೇಳ್ರಿ" ಅಂದ. ನಾನು "ನಾ ಹೇಳಾಕತ್ತೀನಿ, ಹಾಕು" ಅಂದೆ. ಬುಧವಾರವೇ ತರಬೇತಿಗೆಂದು ಹೊರಟ ರಶ್ಮಿ ಭಾನುವಾರ ರಾತ್ರಿಯವರೆಗೆ ಊರಲ್ಲಿರಲಿಲ್ಲ. ಅವಳು ಬರುವುದರೊಳಗೆ ತಾವೂ, ತಮ್ಮನ್ನು ಒತ್ತಿ ಹಿಡಿಯುವ, ತಮ್ಮಷ್ಟೇ ಗಡುಸಾದ ಜೊತೆಗಾರ ಪ್ರೆಷರ್ ಪ್ಲೇಟೂ ಕಾರಿನೊಳಗೆ ಸೇರಿಯಾಗಿತ್ತು.

ಇನ್ನು ತಮ್ಮ ಗುಣಗಾನಕ್ಕೆ ಬರುತ್ತೇನೆ. ತಾವು ಜಾರಲಿಲ್ಲ, ಒಂದೇ ಒಂದು ಸಲವೂ ಜಾರಲಿಲ್ಲ, ಈ ಮಾತನ್ನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ತಮ್ಮ ಪೆಡಲಿನ ಘನತೆಯಂತೂ ವರ್ಣನಾತೀತ. ಆ ವಾರದ ಕೊನೆಯ ಭಾನುವಾರ ಕಾರನ್ನು ಮಿಲ್ಲಿಗೆ ಒಯ್ದಿದ್ದಾಗ, ದಿನಕ್ಕೆ ಇನ್ನೂರು ಚೀಲ ಹೊರುವ ನಮ್ಮ ಹಮಾಲ ದೊಡ್ಡಬಸವರಾಜ ಒಳಗೆ ಕೂತು ಒಮ್ಮೆ ಒತ್ತಿ ನೋಡಿ, ಇಳಿದು, ಇದಕ್ಕಿಂತ ಚೀಲವೇ ಬೇಸು ಎಂದು ಟವೆಲ್ ಕೊಡವಿಕೊಂಡು ಹೋದ. ಒತ್ತಿದ ಪೆಡಲನ್ನು ಕೂದಲೆಳೆಯಷ್ಟು ಬಿಟ್ಟರೆ ಏನೂ ಇಲ್ಲ, ಇನ್ನೊಂದು ಕೂದಲೆಳೆ ಬಿಟ್ಟರೆ ಇನ್ನೂರ ಹತ್ತು ಕುದುರೆಗಳೂ ಏಕಕಾಲಕ್ಕೆ ಜಿಗಿಯುತ್ತವೆ, ಇಲ್ಲವೇ ಏಕಕಾಲಕ್ಕೆ ಸತ್ತು ಬೀಳುತ್ತವೆ. ಹೌದು ಅಥವಾ ಅಲ್ಲ, ತಮ್ಮ ನಿಘಂಟಿನಲ್ಲಿ ಇರುವುದು ಇವೆರಡೇ ಶಬ್ದ.

ಆದರೆ ಮಾನ್ಯರೇ, ನಮ್ಮ ಕಡೆ ಬದುಕು ನಡೆಯುವುದೇ ಹಾಫ್ ಕ್ಲಚ್ಚಿನಲ್ಲಿ. ಮದುವೆಗೆ ಬರುತ್ತೀರೇನು ಎಂದು ಕೇಳಿದರೆ "ನೋಡೋಣ ತಗೋರಿ" ಅನ್ನುವವರು ನಾವು. ಊಟಕ್ಕೆ ಏಳಿ ಎಂದರೆ "ಈಗಾತಲ್ರಿ" ಅನ್ನುತ್ತಲೇ ತಾಟಿನ ಮುಂದೆ ಕೂತುಬಿಡುವವರು. ಹೊರಟೆವು ಎಂದು ಎದ್ದು, ಬಾಗಿಲಲ್ಲಿ ನಿಂತು ಇನ್ನೊಂದು ತಾಸು ಮಾತಾಡುವವರು. ರಸ್ತೆಯಲ್ಲೂ ಅಷ್ಟೇ. ಎದುರಿಗೆ ಭತ್ತದ ಟ್ರ್ಯಾಕ್ಟರು, ಪಕ್ಕದಲ್ಲಿ ಆಟೋ, ನಡುವೆ ಫೋನಿನಲ್ಲಿ ಮಾತಾಡುತ್ತ ದಾಟುವವರು, ಇವರೆಲ್ಲರ ಸಂದಿನಲ್ಲಿ ಅರ್ಧ ಬಿಟ್ಟು ಅರ್ಧ ಹಿಡಿದು ನುಸುಳಿಕೊಂಡು ಹೋಗುವುದೇ ನಮ್ಮಲ್ಲಿ ಡ್ರೈವಿಂಗು. ತಮಗೆ ಅದೆಲ್ಲ ಹಿಡಿಸಲಿಲ್ಲ. ತಾವು ದೊಡ್ಡವರು.

ಅದೇ ಭಾನುವಾರ ಸಂಜೆ, ನನ್ನ ತಾಯಿ ಚನ್ನವೀರಮ್ಮನನ್ನು ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಕುರುಗೋಡಿನ ನಂಟರ ಮನೆಗೆ ಹೊರಟಿದ್ದನ್ನು ನೆನೆದರೆ ಈಗಲೂ ಬೆವರುತ್ತೇನೆ. ಎಪ್ಪತ್ತಾರು ವರ್ಷದ ಆಕೆಯ ಮಡಿಲಲ್ಲಿ ನಂಟರಿಗೆಂದು ಒಯ್ದಿದ್ದ ಒಂದು ದೊಡ್ಡ ಚೀಲ ಒಗ್ಗರಣೆ ಮಂಡಕ್ಕಿ. ಮೊದಲನೆಯ ಹಂಪಿನಲ್ಲಿ ತಾವು ಜಿಗಿದಿರಿ, ಚೀಲ ಬಾಯಿ ಬಿಟ್ಟಿತು. ಎರಡನೆಯ ಹಂಪಿನಲ್ಲಿ ಮಂಡಕ್ಕಿ ಮೇಲೆದ್ದು ಕಾರಿನ ತುಂಬ ಹರಡಿತು. ಮೂರನೆಯದರ ಹೊತ್ತಿಗೆ ಎದುರಿನ ಗಾಜಿನಲ್ಲಿ ರಸ್ತೆ ಕಾಣದಾಗಿ, ಶೇಂಗಾಕಾಳು ಒರೆಸಿಕೊಂಡು ಓಡಿಸಬೇಕಾಯಿತು. ದಾರಿಯಲ್ಲಿ ಒಂದು ಕುರಿಹಿಂಡು ಅಡ್ಡ ಬಂತು. ಹಾರನ್ನಿಗೂ ಬೈಗುಳಕ್ಕೂ ಎಂದೂ ಜಗ್ಗದ ನಮ್ಮ ಕುರಿಗಳು, ನಿಂತಲ್ಲೇ ಎರಡು ಸಲ ಮುಗ್ಗರಿಸಿ ಹಾರಿದ ಕಾರನ್ನು ಕಂಡು ತಾವಾಗಿಯೇ ರಸ್ತೆ ಬಿಟ್ಟು ಹೊಲಕ್ಕಿಳಿದವು. ಕುರಿ ಕಾಯುವವನೂ ಅವುಗಳ ಹಿಂದೆ ಇಳಿದ. ಕುರುಗೋಡಿನ ಸರ್ಕಲ್ಲಿನಲ್ಲಿ ಏಳು ಸಲ ಆಫ್ ಆದೆವು. ಪೆಟ್ರೋಲ್ ಮುಗಿದಿದೆ ಎಂದರು ಒಬ್ಬರು, ದೃಷ್ಟಿಯಾಗಿದೆ ಎಂದರು ಇನ್ನೊಬ್ಬರು, ಹೋಟೆಲಿನವರು ಹೇಗೂ ಇಲ್ಲೇ ಇರುವಿರಲ್ಲ ಎಂದು ಕಿಟಕಿಯೊಳಗೆ ಎರಡು ಚಹಾ ಕೊಟ್ಟರು. ಕೂದಲಿನಿಂದ ಮಂಡಕ್ಕಿ ಆರಿಸಿಕೊಳ್ಳುತ್ತಿದ್ದ ನನ್ನ ತಾಯಿ, "ಯಪ್ಪಾ, ಇದಕ್ಕ ಎರಡು ಎತ್ತು ಕಟ್ಟಿಬಿಡು, ಮಂದಿ ನಗೋದಾದ್ರೂ ತಪ್ಪತೈತಿ" ಅಂದಳು. ತಮಗೆ ಕೇಳಿಸಿರಬೇಕು, ತಾವು ಅಲ್ಲೇ ಕೆಳಗಿದ್ದಿರಿ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಸೋಮವಾರದಿಂದ ತಮ್ಮನ್ನು ತುಳಿಯಬೇಕಾದವಳು ರಶ್ಮಿ. ಆಕೆಯ ಎತ್ತರ ಐದಡಿಗೆ ಒಂದಂಗುಲ ಕಮ್ಮಿ. ಪೆಡಲು ತಳ ಮುಟ್ಟಲೆಂದು ಸೀಟನ್ನು ಎಷ್ಟು ಮುಂದಕ್ಕೆ ಎಳೆದುಕೊಂಡಳೆಂದರೆ ಸ್ಟೇರಿಂಗು ಎದೆಗೆ ಒತ್ತುತ್ತಿತ್ತು. ನಾಲ್ಕು ದಿನ ಹಲ್ಲು ಕಚ್ಚಿ ಓಡಿಸಿದಳು, ನಾಲ್ಕನೆಯ ಸಂಜೆಗೆ ಮೊಣಕಾಲು ಬಾತು ಹೋಗಿತ್ತು. ಐದನೆಯ ದಿನ ಕೀಲಿಯನ್ನು ಫ್ರಿಡ್ಜಿನ ಮೇಲಿಟ್ಟು, ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ಕುಂಟುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಆ ದಿನವೇ ಬಾದನಹಟ್ಟಿಯ ಹೊನ್ನೂರಮ್ಮನ ಎಮ್ಮೆಗೆ ನೋವು ಶುರುವಾಯಿತು. ರಶ್ಮಿ ಬಸ್ಸು ಹಿಡಿದು, ಆಟೋ ಹಿಡಿದು ಮುಟ್ಟುವಷ್ಟರಲ್ಲಿ ಹೊನ್ನೂರಮ್ಮನೇ ಸೆರಗು ಸೊಂಟಕ್ಕೆ ಕಟ್ಟಿ ಕರುವನ್ನು ಎಳೆದು ಹಾಕಿ, ಕೈ ತೊಳೆದುಕೊಂಡು ಕೂತಿದ್ದಳು. ಕರುವೂ ಎಮ್ಮೆಯೂ ಕ್ಷೇಮ. "ಬಂದ್ಲು ನೋಡ್ರಿ ನಮ್ಮ ಬಸ್ಸಿನ ಡಾಕ್ಟ್ರಮ್ಮ" ಎಂದು ಆಕೆ ತಮಾಷೆಗೇ ಅಂದದ್ದು, ಓಣಿಯ ಮಂದಿಯೆಲ್ಲ ನಕ್ಕರು. ರಶ್ಮಿ ನಗಲಿಲ್ಲ. ಮನೆಗೆ ಬಂದು, ಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು, ನನ್ನ ಕಡೆ ನೋಡದೆಯೇ, "ನಲವತ್ತೊಂದು ವರ್ಷಕ್ಕ ನನಗ ಕಾಲು ಬಂದಿದ್ವು ರೀ, ನೀವು ನಾಲ್ಕು ದಿನದಾಗ ಕಸಗೊಂಡ್ರಿ" ಅಂದಳು. ಮಾನ್ಯರೇ, ಆಕೆ ಬೈದಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ಬೈಯಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಮಾರನೆಯ ಬೆಳಿಗ್ಗೆ ನನ್ನ ತಾಯಿ ಲಿಂಗಪೂಜೆ ಮುಗಿಸಿ, ನನ್ನನ್ನೂ ರಶ್ಮಿಯನ್ನೂ ಒಳಗೆ ಕರೆದು, ಒಂದು ತಪ್ಪೊಪ್ಪಿಕೊಂಡಳು. ಆ ಭಾನುವಾರ, ಮೊದಲನೆಯ ಪ್ಲೇಟಿನ ಡಬ್ಬಿ ಮನೆಯಲ್ಲಿದ್ದಾಗ, ಹೊಸ ಕಬ್ಬಿಣ ಪೂಜೆಯಿಲ್ಲದೆ ಗಾಡಿ ಸೇರಬಾರದೆಂದು ಆಕೆ ಡಬ್ಬಿ ಬಿಚ್ಚಿದ್ದಾಳೆ. ವಿಭೂತಿ ಕುಂಕುಮ ಚೆನ್ನಾಗಿ ಅಂಟಲೆಂದು ಎರಡೂ ಮುಖಕ್ಕೆ ಮನೆಯ ತುಪ್ಪ ಸವರಿ, ಮೂರು ಬೆರಳಿನ ವಿಭೂತಿ ಎಳೆದು, ಊದಿನಕಡ್ಡಿ ಬೆಳಗಿ, ಆಮೇಲೆ ಮೆಕ್ಯಾನಿಕ್ ನಕ್ಕಾನೆಂದು ಎಲ್ಲವನ್ನೂ ಸೆರಗಿನಿಂದ ನೀಟಾಗಿ ಒರೆಸಿ, ಹೇಗಿತ್ತೋ ಹಾಗೆ ಡಬ್ಬಿ ಮುಚ್ಚಿದ್ದಾಳೆ. ಕೂಡಲೇ ಶಶಿಕಾಂತನ ಗ್ಯಾರೇಜಿಗೆ ಓಡಿದೆ. ಮೂಲೆಗೆಸೆದಿದ್ದ ಆ ಪ್ಲೇಟನ್ನು ಆತ ಎತ್ತಿ ಮೂಸಿ ನೋಡಿ, "ಸಾರ್, ಹೋಳಿಗಿ ವಾಸನಿ ಬರಾಕತ್ತೈತ್ರಿ" ಎಂದ. ಕ್ಲಚ್ಚಿನ ಪ್ಲೇಟಿಗೆ ಜಿಡ್ಡಿನ ಬೆರಳು ಕೂಡ ತಾಗಿಸಬಾರದಂತೆ. ಲೈನಿಂಗು ತುಪ್ಪ ಕುಡಿದರೆ ಎಂಥ ಪ್ಲೇಟಾದರೂ ಜಾರುತ್ತದಂತೆ. ಅಂದರೆ ಆ ಮೆತ್ತನೆಯವನು ಅಶಕ್ತನಾಗಿರಲಿಲ್ಲ, ರಶ್ಮಿಯ ಆಯ್ಕೆ ಸರಿಯಾಗಿತ್ತು, ತಮ್ಮ ಅಗತ್ಯವೇ ಇರಲಿಲ್ಲ. ತಮ್ಮನ್ನು ನಾನು ಗುಟ್ಟಾಗಿ ತಂದ ಕಾರಣ ತಮಗೆ ಆ ಪೂಜೆ ಸಿಗಲಿಲ್ಲ. ಸಿಕ್ಕಿದ್ದರೆ, ಚೂರು ತುಪ್ಪ ತಮ್ಮ ಮೈಗೂ ಹತ್ತಿದ್ದರೆ, ತಾವೂ ಸ್ವಲ್ಪ ಜಾರಿ ಸ್ವಲ್ಪ ಮನುಷ್ಯರಾಗುತ್ತಿದ್ದಿರೇನೋ. ರಶ್ಮಿ ಅತ್ತೆಯ ಮಾತು ಕೇಳಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ತಮ್ಮನ್ನು ಇಳಿಸಲಾಯಿತು, ಅಂಥದ್ದೇ ಸ್ಪ್ರಿಂಗಿನ ಪ್ಲೇಟು ಹೊಸದು ಬಂತು. ಈ ಸಲ ರಶ್ಮಿ ಎರಡು ಗಂಟೆ ಗ್ಯಾರೇಜಿನಲ್ಲೇ ಕೂತು, ಪೆಡಲನ್ನು ತನ್ನ ಕಾಲಿಗೆ ಸರಿಹೊಂದುವವರೆಗೆ ಮತ್ತೆ ಮತ್ತೆ ಬಿಚ್ಚಿಸಿ ಹಾಕಿಸಿದಳು. ನನ್ನ ತಾಯಿಗೆ ಡಬ್ಬಿಯ ರಟ್ಟಿಗೆ ಮಾತ್ರ ಪೂಜೆ ಮಾಡಲು ಅಪ್ಪಣೆ ಕೊಡಲಾಗಿತ್ತು. ನನ್ನ ಕೈಗೆ ಟಾರ್ಚು ಕೊಟ್ಟಿದ್ದರು. ನಾನು ಹಿಡಿದುಕೊಂಡಿದ್ದೆ.

ಈಗ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು. ತಾವು ದಯಮಾಡಿ ಖುದ್ದಾಗಿ ಕುರುಗೋಡಿನ ಸರ್ಕಲ್ಲಿಗೆ ಹೋಗಿ, ಏಳು ಸಲ ಆಫ್ ಆದದ್ದು ತಮ್ಮ ಸ್ವಭಾವದಿಂದಲೇ ಹೊರತು ಕೊಟ್ರಬಸಪ್ಪನವರ ಕಾಲಿನ ದೋಷದಿಂದಲ್ಲ ಎಂದು ಹೋಟೆಲಿನವರ ಸಮಕ್ಷಮ ಹೇಳಿಕೆ ನೀಡಬೇಕು. ಹೊಲಕ್ಕಿಳಿದ ಕುರಿಗಳನ್ನು ಹುಡುಕಿ ಕ್ಷಮೆ ಕೇಳಬೇಕು. ರಶ್ಮಿಯ ಹನ್ನೊಂದು ದಿನಗಳನ್ನು, ಬಾತ ಮೊಣಕಾಲಿಲ್ಲದೆ, ಬಸ್ಸಿನ ಡಾಕ್ಟ್ರಮ್ಮ ಎಂಬ ಬಿರುದಿಲ್ಲದೆ, ಮೊದಲಿದ್ದ ಹಾಗೆ ಹಿಂದಿರುಗಿಸಬೇಕು. ಇದು ಸಾಧ್ಯವಿಲ್ಲವಾದರೆ, ತಮ್ಮನ್ನು ತಂದವನು ನಾನಲ್ಲ, ತಾವೇ ನಡೆದುಕೊಂಡು ಬಂದು ಕಾರಿನೊಳಗೆ ಸೇರಿಕೊಂಡಿರಿ ಎಂದಾದರೂ ಒಪ್ಪಿಕೊಳ್ಳಬೇಕು. ಇದನ್ನು ಬರೆಯುವಾಗ ನನಗೇ ನಗು ಬರುತ್ತಿದೆ, ಆದರೂ ಕೇಳಿ ನೋಡುವುದರಲ್ಲಿ ತಪ್ಪಿಲ್ಲವಲ್ಲ.

ನಿನ್ನೆ ಸಂಜೆ ಮಿಲ್ಲು ಬಿಡುವ ಹೊತ್ತಿಗೆ ಗೇಟಿನ ಹೊರಗೆ ಭತ್ತದ ಟ್ರ್ಯಾಕ್ಟರುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಅವುಗಳ ಸಂದಿನಲ್ಲಿ, ಅಂಗುಲ ಅಂಗುಲವಾಗಿ, ಒಂದು ಜರ್ಕೂ ಇಲ್ಲದೆ ರಶ್ಮಿಯ ಕಾರು ಬಂದು ನನ್ನೆದುರು ನಿಂತಿತು. ಕುರುಗೋಡಿನಿಂದ ಮನೆಗೆ ಹೋಗುವವಳಿಗೆ ಸಿರುಗುಪ್ಪ ದಾರಿಯಲ್ಲ, ಸುತ್ತು ಹಾಕಿಕೊಂಡೇ ಬರಬೇಕು. ಬಾಗಿಲು ತೆಗೆದು "ಹತ್ರಿ" ಅಂದಳು. ಹತ್ತಿದೆ. ಊರು ದಾಟಿದೆವು. ರಸ್ತೆ ಖಾಲಿಯಾದ ಮೇಲೆ ನಾನು "ತಪ್ಪಾತು" ಅಂದೆ. ಆಕೆ "ಗೊತ್ತೈತಿ" ಎಂದು ಗೇರು ಬದಲಿಸಿದಳು; ಬದಲಿಸಿದ್ದು ನನಗೆ ಗೊತ್ತೇ ಆಗಲಿಲ್ಲ.

ಇಂತಿ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ, ತಮ್ಮ ದಾರ್ಢ್ಯಕ್ಕೆ ದೂರದಿಂದಲೇ ಕೈ ಮುಗಿಯುವ
ತಮ್ಮ ವಿಶ್ವಾಸಿ,
ಕೊಟ್ರಬಸಪ್ಪ

ತಾ.ಕ.: ತಮ್ಮನ್ನು ಮಾರಾಟಕ್ಕೆ ಇಟ್ಟಿರುವ ವಿಷಯ ತಿಳಿಸಲು ಮರೆತೆ. ಈತನಕ ನಾಲ್ವರು ಬಂದು ನೋಡಿದರು, ನಾಲ್ವರೂ ಗಂಡಸರು, ನಾಲ್ವರಿಗೂ ತಾವು ಬಹಳ ಹಿಡಿಸಿದಿರಿ. ರಶ್ಮಿ ಒಂದೇ ಷರತ್ತು ಹಾಕಿದ್ದಾಳೆ, ಮನೆಯಲ್ಲಿ ಆ ಕಾರು ಓಡಿಸುವವರೆಲ್ಲ ಒಟ್ಟಿಗೆ ಬಂದು ಒಪ್ಪಬೇಕೆಂದು. "ನಮ್ಮ ಮನಿಯಾಕಿನ್ನ ಕೇಳಿ ಬರ್ತೀವಿ ತಗೋರಿ" ಎಂದು ಹೋದ ನಾಲ್ವರೂ ಇನ್ನೂ ತಿರುಗಿ ಬಂದಿಲ್ಲ.